ಹೋಮ್ ಪ್ಲೇಟ್ ಕಡೆಗೆ ತಿರುಗಿದ ಕುರ್ಚಿಗಳು

ಗುರುವಾರ: ಮೊದಲು ಹೊರಗಿನಿಂದ, ಆಮೇಲೆ ಮೇಲಿನಿಂದ

ಟೊರೊಂಟೊದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಯುಪಿ ಎಕ್ಸ್‌ಪ್ರೆಸ್ ರೈಲು ಹತ್ತಿದರೆ 25 ನಿಮಿಷಕ್ಕೆ ಯೂನಿಯನ್ ಸ್ಟೇಷನ್. ಅಲ್ಲಿಂದ ಸ್ಕೈವಾಕ್ ಎಂಬ ಮುಚ್ಚಿದ ಕಾಲುದಾರಿ ಸಿಎನ್ ಟವರ್ ಬುಡಕ್ಕೆ ತಂದುಬಿಡುತ್ತದೆ. ಮಳೆ ಬರಲಿ, ಹಿಮ ಬೀಳಲಿ, ಕೊಡೆ ಬಿಚ್ಚುವ ಕೆಲಸವಿಲ್ಲ. ಟವರಿಗೆ ಮೈ ತಾಗಿಸಿಕೊಂಡಂತೆ ಕೂತಿರುವ ಬಿಳಿ ಗುಮ್ಮಟವೇ ರೋಜರ್ಸ್ ಸೆಂಟರ್, ಬ್ಲೂ ಜೇಸ್ ಬೇಸ್‌ಬಾಲ್ ತಂಡದ ಮನೆ. 2022ರಿಂದ 2024ರವರೆಗೆ ಅದನ್ನು ನವೀಕರಿಸಿದರು, ಈ ಐದು ದಿನದ ಪ್ರವಾಸ ಅದನ್ನು ನೋಡಲೆಂದೇ. ಹಳಬರ ಬಾಯಲ್ಲಿ ಅದು ಇನ್ನೂ ಸ್ಕೈಡೋಮ್.

ಒಳಗೆ ಹೋಗುವ ಆತುರ ಬೇಡ. ಕಟ್ಟಡವನ್ನು ಹೊರಗಿನಿಂದ ಒಂದು ಸುತ್ತು ಹಾಕಿದರೆ ನವೀಕರಣದಲ್ಲಿ ಯಾವುದನ್ನು ಮುಟ್ಟಿಲ್ಲ ಎಂಬುದು ಮೊದಲು ತಿಳಿಯುತ್ತದೆ. ಹೊರಗೋಡೆಯ ಕಾಂಕ್ರೀಟ್ 1989ರದ್ದೇ. ಮೂಲೆಗಳಲ್ಲಿ ಮೇಲಿನಿಂದ ಬಗ್ಗಿ ನೋಡುವ ಹೊಂಬಣ್ಣದ ದೈತ್ಯ ಪ್ರೇಕ್ಷಕರು ಮೈಕೆಲ್ ಸ್ನೋ ಮಾಡಿದ ಶಿಲ್ಪಗಳು, ಅವೂ ಆಗಿನವೇ. ಅವರಲ್ಲೊಬ್ಬ ಮೂಗಿಗೆ ಹೆಬ್ಬೆರಳಿಟ್ಟು ಅಣಕಿಸುತ್ತಾನೆ. ಯಾರನ್ನು ಅಂತ ಕೇಳಬೇಡಿ. ಸುಮಾರು 57 ಕೋಟಿ ಕೆನಡಿಯನ್ ಡಾಲರ್ ಸುರಿದು ಕಟ್ಟಿದ ಈ ಕ್ರೀಡಾಂಗಣ 2004ರಲ್ಲಿ ಕೇವಲ 2.5 ಕೋಟಿಗೆ ಕೈ ಬದಲಾಯಿಸಿತು. ಅಣಕಿಸಲು ಅಷ್ಟು ಸಾಕು.

ಚಾವಣಿ ನೋಡಬೇಕಾದರೆ ಸಿಎನ್ ಟವರ್ ಹತ್ತಬೇಕು. 346 ಮೀಟರ್ ಎತ್ತರದ ವೀಕ್ಷಣಾ ಅಂತಸ್ತಿನಿಂದ ಗುಮ್ಮಟದ ನಾಲ್ಕು ಹಾಳೆಗಳು ಬೇರೆಬೇರೆಯಾಗಿ ಕಾಣುತ್ತವೆ. ಉತ್ತರ ತುದಿಯ ಹಾಳೆ ಅಲುಗಾಡುವುದಿಲ್ಲ. ನಡುವಿನ ಎರಡು ಹಳಿಯ ಮೇಲೆ ನೇರವಾಗಿ ಜಾರುತ್ತವೆ. ನಾಲ್ಕನೆಯದು ಅಂಚಿನ ವೃತ್ತಾಕಾರದ ಹಳಿ ಹಿಡಿದು ಅರ್ಧ ಸುತ್ತು ತಿರುಗುತ್ತದೆ. ಕೊನೆಗೆ ನಾಲ್ಕೂ ಉತ್ತರಕ್ಕೆ ಹೋಗಿ ಒಂದರ ಮೇಲೊಂದು ಕೂರುತ್ತವೆ. 11,000 ಟನ್ ತೂಕ, ಡಿಸಿ ಮೋಟಾರುಗಳಿಂದ ಓಡುವ 54 ಬೋಗಿಗಳು, ಒಟ್ಟು 750 ಅಶ್ವಶಕ್ತಿಗೂ ಮಿಕ್ಕಿದ ಬಲ, ಪೂರ್ತಿ ತೆರೆಯಲು ಸುಮಾರು 20 ನಿಮಿಷ. ವಾಸ್ತುಶಿಲ್ಪಿ ರಾಡ್ ರಾಬಿ, ಎಂಜಿನಿಯರ್ ಮೈಕೆಲ್ ಅಲೆನ್ ಸೇರಿ ಮಾಡಿದ ಈ ಲೆಕ್ಕಾಚಾರ ಇಂದಿಗೂ ಕೆಲಸ ಮಾಡುತ್ತಿದೆ. ಹಾಗಾಗಿಯೇ ನವೀಕರಣದ ಹಣ ಚಾವಣಿಗೆ ಸೋರದೆ ಜನ ಕೂರುವ ಜಾಗಕ್ಕೆ ಹೋಯಿತು. ಈ ಮಾತಿನ ಬೆಲೆ ಗೊತ್ತಾಗುವುದು ಪ್ರವಾಸದ ಕೊನೆಗೆ, ಮಾಂಟ್ರಿಯಲ್‌ನಲ್ಲಿ.

ಟವರಿನ ನೆರೆಹೊರೆಯಿಂದ ತೊಂದರೆಯೂ ಉಂಟು. 2018ರ ಏಪ್ರಿಲ್ 16ರಂದು ಟವರ್ ಮೇಲೆ ಕಟ್ಟಿದ್ದ ಮಂಜುಗಡ್ಡೆ ಕಳಚಿ ಬಿದ್ದು ಚಾವಣಿಗೆ ತೂತಾಯಿತು. ಕಾನ್ಸಾಸ್ ಸಿಟಿ ವಿರುದ್ಧದ ಆ ದಿನದ ಪಂದ್ಯವನ್ನೇ ಮುಂದೂಡಬೇಕಾಯಿತು.

ಶುಕ್ರವಾರ: ಔಟ್‌ಫೀಲ್ಡ್

ಶುಕ್ರವಾರದ ಪಂದ್ಯ ಸಾಮಾನ್ಯವಾಗಿ ಸಂಜೆ 7:07ಕ್ಕೆ. ಬಾಗಿಲು ತೆರೆದ ಕೂಡಲೇ ಒಳಗಿರಬೇಕು, ಏಕೆಂದರೆ ಔಟ್‌ಫೀಲ್ಡ್, ಅಂದರೆ ಮೈದಾನದ ದೂರದ ತುದಿಯ ಜಾಗಗಳಲ್ಲಿ, ಮೊದಲು ಬಂದವರಿಗೆ ಒರಗಿ ನಿಲ್ಲುವ ಕಟಕಟೆ. ಒಳಗೆ ನಗದು ನಡೆಯುವುದಿಲ್ಲ, ಕಾರ್ಡ್ ಬೇಕು. ಮನೆಯಿಂದ ತಂದ ತಿಂಡಿಗೆ ತಡೆಯಿಲ್ಲ. ಗಾಜಿನ ಬಾಟಲಿ, ಕ್ಯಾನ್ ಮಾತ್ರ ಬೇಡ. ಸಸ್ಯಾಹಾರಿಗಳು ಪಕ್ಕದ ಊರುಗಳಾದ ಮಿಸ್ಸಿಸಾಗಾ ಅಥವಾ ಬ್ರಾಂಪ್ಟನ್‌ನಿಂದ ಚಪಾತಿ-ಪಲ್ಯ ಕಟ್ಟಿಕೊಂಡು ಬರುವುದೇ ಜಾಣತನ. ಮಂಗಳವಾರಗಳಂದು ಒಂದು ಡಾಲರಿಗೆ ಹಾಟ್‌ಡಾಗ್ ಮಾರುವ ‘ಲೂನಿ ಡಾಗ್’ ರಾತ್ರಿ ಇರುತ್ತದೆ. ಆ ದಿನ ಸಾಲು ಎಷ್ಟುದ್ದ ಇರುತ್ತದೆಂದರೆ, ಆಟ ನೋಡುವ ಮನಸ್ಸಿದ್ದವರು ಬೇರೆ ದಿನ ಆರಿಸಿಕೊಳ್ಳುವುದು ವಾಸಿ.

2020ರಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಮಾತು ಎದ್ದಿತ್ತು. ಅದು ಅಲ್ಲಿಗೇ ನಿಂತು, 2022ರ ಜುಲೈನಲ್ಲಿ ಬ್ಲೂ ಜೇಸ್ ತಂಡ 30 ಕೋಟಿ ಡಾಲರ್‌ನ ನವೀಕರಣ ಘೋಷಿಸಿತು. ವಿನ್ಯಾಸ ಪಾಪ್ಯುಲಸ್ ಸಂಸ್ಥೆಯದು. ಮುಗಿಯುವ ಹೊತ್ತಿಗೆ ಲೆಕ್ಕ 40 ಕೋಟಿಯ ಆಸುಪಾಸಿಗೆ ಬಂತು. ಮೊದಲ ಹಂತ 2022ರ ಅಕ್ಟೋಬರ್‌ನಿಂದ 2023ರ ಏಪ್ರಿಲ್‌ವರೆಗೆ. ಔಟ್‌ಫೀಲ್ಡ್ ಮತ್ತು ಮೇಲಿನ 500ರ ಅಂತಸ್ತು (ಸೀಟಿನ ವಿಭಾಗಗಳಿಗೆ 500ರ ಸಂಖ್ಯೆಗಳಿರುವ ಮಹಡಿ) ಅದರ ಪಾಲು.

ಹಳೆಯ ಔಟ್‌ಫೀಲ್ಡ್‌ನಲ್ಲಿ ಗೋಡೆಗೂ ಮೊದಲ ಸಾಲಿಗೂ ನಡುವೆ ಬುಲ್‌ಪೆನ್ ಇತ್ತು. ಚೆಂಡೆಸೆಯುವ ಪಿಚರ್‌ಗಳು ಮೈ ಬಿಸಿ ಮಾಡಿಕೊಳ್ಳುವ ಆ ಅಂಗಳ ತಗ್ಗಿನಲ್ಲಿತ್ತು, ಪ್ರೇಕ್ಷಕ ಅದರಾಚೆ ಎತ್ತರದಲ್ಲಿ. ಈಗ ಬುಲ್‌ಪೆನ್ ನೆಲವನ್ನೇ ಮೇಲೆತ್ತಿ, ಸುತ್ತ ಜನ ನಿಲ್ಲುವಂತೆ ಮಾಡಿದ್ದಾರೆ. ಎದುರಾಳಿ ತಂಡದ ಬುಲ್‌ಪೆನ್ ಬಲಗಡೆ. ಅದರ ಮೇಲೇ ‘ಕ್ಯಾಚ್ ಬಾರ್’. ಕಟಕಟೆಗೆ ಒರಗಿ ನಿಂತರೆ ಪಿಚರ್‌ನ ಕೈಯಿಂದ ಚೆಂಡು ಬಿಡುವ ಸದ್ದು, ಅದನ್ನು ಹಿಡಿಯುವ ಕ್ಯಾಚರ್‌ನ ಗ್ಲೌಸಿಗೆ ಬಡಿಯುವ ಸದ್ದು ಎರಡೂ ಬೇರೆಬೇರೆಯಾಗಿ ಕೇಳುತ್ತವೆ. ಚಾವಣಿ ಮುಚ್ಚಿದ್ದರೆ ಎರಡನೆಯ ಸದ್ದು ಗುಮ್ಮಟಕ್ಕೆ ತಾಗಿ ಮತ್ತೊಮ್ಮೆ ಬರುತ್ತದೆ. ಜನ ಕೂಗುವುದೂ ಪಿಚರ್‌ಗೆ ಅಷ್ಟೇ ಸ್ಪಷ್ಟ. ಅದು ವಿನ್ಯಾಸಕಾರರ ಉದ್ದೇಶವೇ.

ಜನರನ್ನು ಮುಂದಕ್ಕೆ ತಂದಾಗ ಗೋಡೆಯೂ ಮುಂದಕ್ಕೆ ಬಂತು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ ಗೋಡೆಗೆ ಎಡ-ಮಧ್ಯದಲ್ಲಿ 375 ಅಡಿ ಇದ್ದದ್ದು 368ಕ್ಕೆ, ಬಲ-ಮಧ್ಯದಲ್ಲಿ 359ಕ್ಕೆ ಇಳಿಯಿತು. ನಟ್ಟನಡುವಿನ 400 ಅಡಿ, ಎರಡು ತುದಿಗಳ 328 ಅಡಿ ಹಾಗೇ ಉಳಿದವು. ಗೋಡೆ ಹತ್ತಿರವಾದರೆ, ಚೆಂಡನ್ನು ಅದರಾಚೆ ಹೊಡೆಯುವ ಹೋಮ್ ರನ್ ಅಗ್ಗವಾಗುತ್ತದೆ. ಅದನ್ನು ಸರಿದೂಗಿಸಲು ಎಲ್ಲೆಡೆ 10 ಅಡಿ ಇದ್ದ ಎತ್ತರವನ್ನು ಜಾಗ ನೋಡಿ 8 ಅಡಿಯಿಂದ 14 ಅಡಿ 4 ಇಂಚಿನವರೆಗೆ ಬದಲಿಸಿದರು. ಕ್ರಿಕೆಟ್‌ನಲ್ಲಿ ಬೌಂಡರಿ ಹಗ್ಗವನ್ನು ಪಂದ್ಯಕ್ಕೊಮ್ಮೆ ಸರಿಸಬಹುದು. ಇಲ್ಲಿ ಸರಿಸಬೇಕಾದದ್ದು ಕಬ್ಬಿಣದ ಚೌಕಟ್ಟು, ಅದಕ್ಕೆ ಹೊದೆಸಿದ ಮೆತ್ತೆ. ಅಂಕಿ ತಪ್ಪಿದರೆ ಮುಂದಿನ ಚಳಿಗಾಲದವರೆಗೆ ಅನುಭವಿಸಬೇಕು.

ಆ ಮೆತ್ತೆಯ ಕಾಲಬುಡ ನೋಡದೆ ಹೋಗಬೇಡಿ. 2025ರ ಅಕ್ಟೋಬರ್ 31, ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ, ಸಾಮಾನ್ಯವಾಗಿ ಕೊನೆಯದಾದ ಒಂಬತ್ತನೇ ಇನಿಂಗ್ಸ್. ಬ್ಲೂ ಜೇಸ್‌ನ ಆಡಿಸನ್ ಬಾರ್ಜರ್ ಹೊಡೆದ ಚೆಂಡು ಎಡ-ಮಧ್ಯದ ಗೋಡೆಯ ಮೆತ್ತೆಗೂ ನೆಲದ ಹುಲ್ಲುಹಾಸಿಗೂ ನಡುವೆ ಸಿಕ್ಕಿಕೊಂಡಿತು. ಚೆಂಡು ಸಿಕ್ಕಿಬಿದ್ದರೆ ನಿಯಮದ ಪ್ರಕಾರ ಓಟಗಾರರು ಎರಡು ಬೇಸ್ (ಓಟದ ನಿಲುಗಡೆಗಳು) ಮಾತ್ರ ಮುಂದೆ ಹೋಗಬಹುದು. ಆಗಲೇ ಹೋಮ್ ಪ್ಲೇಟಿಗೆ ಓಡಿ ಬಂದಿದ್ದ ಓಟಗಾರ ಮೂರನೇ ಬೇಸಿಗೆ ವಾಪಸಾಗಬೇಕಾಯಿತು. ಎದುರಾಳಿ ಲಾಸ್ ಏಂಜಲಿಸ್ ಡಾಡ್ಜರ್ಸ್ 3-1ರಲ್ಲಿ ಗೆದ್ದರು. ಮಾರನೆಯ ದಿನದ ಏಳನೇ ಪಂದ್ಯವನ್ನೂ 11 ಇನಿಂಗ್ಸ್‌ನಲ್ಲಿ 5-4ರಿಂದ ಗೆದ್ದು ಕಪ್ಪನ್ನೇ ಒಯ್ದರು. ಮೆತ್ತೆ ನೆಲಕ್ಕೆ ತಾಗಿಯೇ ಇರುತ್ತದೆ, ಆದರೆ ಎರಡೂ ಮೆದುವಾದ್ದರಿಂದ ವೇಗದ ಚೆಂಡು ಬೆಣೆಯಂತೆ ಒಳನುಗ್ಗುತ್ತದೆ. ಮೆತ್ತೆಯ ಕೆಳ ಅಂಚಿಗೆ ಗಟ್ಟಿ ಪಟ್ಟಿ ಕೊಟ್ಟರೆ ಚೆಂಡು ಪುಟಿದು ಬರುತ್ತದೆ, ಆದರೆ ಜಾರಿ ಬಂದ ಫೀಲ್ಡರ್‌ನ ಮೊಣಕಾಲಿಗೆ ಅದೇ ಪಟ್ಟಿ ಬಡಿಯುತ್ತದೆ. ಎಲ್ಲ ಮೆತ್ತೆಯ ಗೋಡೆಗಳಲ್ಲೂ ಇರುವ ಪೇಚು ಇದು.

ನಡು ಔಟ್‌ಫೀಲ್ಡ್‌ನಲ್ಲಿ ‘ಸ್ಟಾಪ್’ ಎಂಬ ಬಾರ್ ಇದೆ, ಊರಿನ ಟಿಟಿಸಿ ಸಾರಿಗೆಯ ನಿಲ್ದಾಣದ ಶೈಲಿಯಲ್ಲಿ ಮಾಡಿದ್ದು. ಅದರ ಆಸುಪಾಸಿನಲ್ಲೇ ಬ್ಯಾಟರ್‌ನ ಕಣ್ಣೆದುರಿಗೆ ಬರುವ ಕಪ್ಪು ಹಿನ್ನೆಲೆ. ಪಿಚರ್‌ನ ಕೈಯಿಂದ ಹೊರಡುವ ಬಿಳಿ ಚೆಂಡಿನ ಹಿಂದೆ ಬಿಳಿ ಅಂಗಿ ಕಂಡರೆ ಗಂಟೆಗೆ 150 ಕಿ.ಮೀ. ವೇಗದ ಎಸೆತ ಕಾಣುವುದೇ ಇಲ್ಲ. ಕ್ರಿಕೆಟ್‌ನ ಸೈಟ್‌ಸ್ಕ್ರೀನ್‌ಗೆ ಇರುವ ಕಾರಣವೇ ಇದಕ್ಕೂ, ಬಣ್ಣ ಮಾತ್ರ ತಿರುಗುಮುರುಗು. ಔಟ್‌ಫೀಲ್ಡ್‌ನಲ್ಲಿ ಬಾರ್ ತೆರೆಯಲು ಹೊರಟವರಿಗೆ ಕೈಗೆಟುಕದ ಜಾಗ ಯಾವಾಗಲೂ ಇದೊಂದೇ.

ಶನಿವಾರ: ಕೆಳಗಿನ ಬಟ್ಟಲು

ಮಧ್ಯಾಹ್ನ 3:07ರ ಪಂದ್ಯ. ಟಿಕೆಟ್ ದುಬಾರಿಯಾದರೂ ಒಮ್ಮೆಯಾದರೂ 100ರ ಅಂತಸ್ತಿನಲ್ಲಿ, ಮೊದಲ ಬೇಸ್ ಅಥವಾ ಮೂರನೇ ಬೇಸ್ ದಾಟಿದ ಮೂಲೆಯಲ್ಲಿ ಕೂರಬೇಕು. ನವೀಕರಣದ ಜೀವ ಇರುವುದು ಅಲ್ಲೇ. ಹೋಮ್ ಪ್ಲೇಟ್ ಹಿಂದಿನ ಸೀಟು ಮೊದಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ವ್ಯತ್ಯಾಸ ಗೊತ್ತಾಗುವುದು ಮೂಲೆಯಲ್ಲಿ.

ಚಿನ್ನಸ್ವಾಮಿಯಲ್ಲಿ ಎಲ್ಲಿ ಕೂತರೂ ಪಿಚ್ ಮೈದಾನದ ನಡುವೆ. ಕುರ್ಚಿ ನೇರ ಮುಂದಕ್ಕೆ ನೋಡಿದರೆ ಸಾಕು. ಬೇಸ್‌ಬಾಲ್ ಮೈದಾನ ಬೀಸಣಿಗೆ, ಆಟದ ಮುಕ್ಕಾಲು ಪಾಲು ನಡೆಯುವುದು ಅದರ ಹಿಡಿಯ ಕಡೆ, ಅಂದರೆ ಹೋಮ್ ಪ್ಲೇಟ್ ಸುತ್ತ. ಸ್ಕೈಡೋಮ್ ಕಟ್ಟಿದ್ದು ಬೇಸ್‌ಬಾಲ್‌ಗೂ ಕೆನಡಿಯನ್ ಫುಟ್‌ಬಾಲ್‌ಗೂ ಸೇರಿಸಿ. ಹಾಗಾಗಿ ಕೆಳಗಿನ ಸ್ಟ್ಯಾಂಡ್‌ಗಳು ಹಳಿಯ ಮೇಲಿದ್ದವು. ಫುಟ್‌ಬಾಲ್ ಬಂದಾಗ ಉರುಳಿಸಿ ಜಾಗ ಬದಲಿಸುತ್ತಿದ್ದರು. ಎರಡು ಆಟಕ್ಕೂ ಹೊಂದಬೇಕಾದ ಕುರ್ಚಿ ಎರಡಕ್ಕೂ ಪೂರ್ತಿ ಹೊಂದಲಿಲ್ಲ. ಮೂಲೆಯ ಸಾಲುಗಳು ಔಟ್‌ಫೀಲ್ಡ್ ನಡುವನ್ನು ನೋಡುತ್ತಿದ್ದವು, ಮೂರು ಗಂಟೆ ಕತ್ತು ಹೊರಳಿಸಿಯೇ ಆಟ ನೋಡಬೇಕಿತ್ತು. ಆರ್ಗೊನಾಟ್ಸ್ ಫುಟ್‌ಬಾಲ್ ತಂಡ 2016ರಲ್ಲಿ ಬಿಎಂಓ ಫೀಲ್ಡ್ ಎಂಬ ಬೇರೆ ಕ್ರೀಡಾಂಗಣಕ್ಕೆ ಹೋದ ಮೇಲೆ ಈ ಹೊಂದಾಣಿಕೆಗೆ ಅರ್ಥವೇ ಉಳಿಯಲಿಲ್ಲ. ಅದೇ ವರ್ಷ ಬೇಸ್‌ಗಳಿರುವ ಇನ್‌ಫೀಲ್ಡ್‌ಗೆ ಪೂರ್ತಿ ಮಣ್ಣು ಹಾಕಲು ಸಾಧ್ಯವಾಯಿತು. ಕುರ್ಚಿ ತಿರುಗಿಸಲು ಮಾತ್ರ ಇನ್ನೂ ಎಂಟು ವರ್ಷ ಹಿಡಿಯಿತು.

ಇಷ್ಟು ಸಣ್ಣ ವಿಷಯಕ್ಕೆ ಬಟ್ಟಲಿನಂತಿರುವ ಇಡೀ ಕೆಳಗಿನ ಸ್ಟ್ಯಾಂಡನ್ನೇ ಒಡೆಯಬೇಕಿತ್ತೇ, ಬೋಲ್ಟು ಬಿಚ್ಚಿ ಕುರ್ಚಿ ತಿರುಗಿಸಿದರೆ ಆಗುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. 50 ಸೆಂ.ಮೀ. ಅಗಲದ ಕುರ್ಚಿಯನ್ನು ಸಾಲಿನಲ್ಲೇ 25 ಡಿಗ್ರಿ ತಿರುಗಿಸಿದಿರಿ ಎಂದುಕೊಳ್ಳಿ. ಪಕ್ಕದವರ ಮೊಣಕೈ ತಾಗದಿರಲು ಕುರ್ಚಿಗಳ ನಡುವಿನ ಅಂತರ 50ನ್ನು ಆ ಕೋನದ ಕೊಸೈನ್‌ನಿಂದ ಭಾಗಿಸಿದಷ್ಟು ಬೇಕು, ಅಂದರೆ 55 ಸೆಂ.ಮೀ.ಗಿಂತ ತುಸು ಹೆಚ್ಚು. 10 ಮೀಟರ್ ಸಾಲಿನಲ್ಲಿ 20 ಕುರ್ಚಿಯ ಬದಲು 18. ಅದನ್ನು ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿದೆ: ತಿರುಗಿದ ಕುರ್ಚಿಯ ಮೂಲೆ ಮೆಟ್ಟಿಲಿನ ಹೊರಕ್ಕೆ ಚಾಚುತ್ತದೆ, ಸಾಲಿನಲ್ಲಿ ನಡೆದು ಹೋಗುವ ಜಾಗ ಕಿರಿದಾಗುತ್ತದೆ, ಬೆಂಕಿಯ ಸಮಯದಲ್ಲಿ ಹೊರಬರುವ ನಿಯಮಕ್ಕೆ ಅದು ತಪ್ಪುತ್ತದೆ. ಅದಕ್ಕೇ ಮೆಟ್ಟಿಲಿನ ಕಾಂಕ್ರೀಟನ್ನೇ ಹೊಸ ದಿಕ್ಕಿಗೆ ಹಾಕಬೇಕು.

ಎರಡನೆಯ ಲೆಕ್ಕ ಎತ್ತರದ್ದು. ಮುಂದಿನವರ ತಲೆಯ ಮೇಲಿಂದ ನಿಮ್ಮ ನೋಟ ಎಷ್ಟು ಮಿ.ಮೀ. ಮೇಲೆ ಹಾದುಹೋಗುತ್ತದೆ ಎನ್ನುವುದನ್ನು ಸ್ಟೇಡಿಯಂ ಕಟ್ಟುವವರು ‘ಸಿ’ ಬೆಲೆ ಎನ್ನುತ್ತಾರೆ. 60 ಮಿ.ಮೀ. ಇದ್ದರೆ ಹೇಗೋ ನಡೆಯುತ್ತದೆ, 90 ಒಳ್ಳೆಯದು, 120 ಇದ್ದರೆ ಟೊಪ್ಪಿ ಹಾಕಿದವನು ಮುಂದೆ ಕೂತರೂ ಚಿಂತೆಯಿಲ್ಲ. ಉದಾಹರಣೆಗೆ ಹೋಮ್ ಪ್ಲೇಟಿನಿಂದ 40 ಮೀಟರ್ ದೂರ, ಕಣ್ಣು ಮೈದಾನದಿಂದ 6 ಮೀಟರ್ ಮೇಲೆ, ಮೆಟ್ಟಿಲಿನ ಅಗಲ 85 ಸೆಂ.ಮೀ. ಇರಲಿ. ಮೆಟ್ಟಿಲಿನ ಎತ್ತರ 20 ಸೆಂ.ಮೀ. ಇಟ್ಟರೆ ‘ಸಿ’ 71 ಮಿ.ಮೀ. ಬರುತ್ತದೆ. ಅದೇ ಎತ್ತರ 25 ಸೆಂ.ಮೀ. ಆದರೆ 120. ಬರೀ 5 ಸೆಂ.ಮೀ. ಕಾಂಕ್ರೀಟಿಗೆ ಇಷ್ಟು ಫಲ. ಆದರೆ ಮೂವತ್ತು ಸಾಲಿಗೆ ಆ 5 ಸೆಂ.ಮೀ. ಕೂಡುತ್ತಾ ಹೋದರೆ ಒಂದೂವರೆ ಮೀಟರ್. ಮೇಲಿನ ಅಂತಸ್ತಿನ ತೊಲೆ ಎಲ್ಲಿದೆಯೋ ಅಲ್ಲೇ ಇರುತ್ತದಲ್ಲ? ಹಿಂದಿನ ಸಾಲಿನವರಿಗೆ ಎತ್ತರಕ್ಕೆ ಹಾರಿದ ಚೆಂಡು ಆ ತೊಲೆಯ ಹಿಂದೆ ಮರೆಯಾಗುತ್ತದೆ. ಹಳೆ ಕಟ್ಟಡದಲ್ಲಿ ಹೊಸ ಬಟ್ಟಲು ಕೂರಿಸುವ ಕಷ್ಟವೆಲ್ಲ ಈ ಕೆಳಗಿನ ನೆಲ ಮತ್ತು ಮೇಲಿನ ತೊಲೆಯ ನಡುವೆಯೇ.

ಎರಡನೇ ಹಂತ 2023ರ ಅಕ್ಟೋಬರ್‌ನಲ್ಲಿ ಶುರುವಾಗಿ 2024ರ ಏಪ್ರಿಲ್ 8ರ ತವರಿನ ಮೊದಲ ಪಂದ್ಯಕ್ಕೆ ಸಿದ್ಧವಾಯಿತು. ಇನ್‌ಫೀಲ್ಡ್ ಸುತ್ತಲಿನ 100ರ ಅಂತಸ್ತನ್ನು ಪೂರ್ತಿ ಕೆಡವಿ, ಹೋಮ್ ಪ್ಲೇಟ್ ಕಡೆ ಮುಖಮಾಡಿ ಮತ್ತೆ ಕಟ್ಟಿದರು. ಆಟದ ಗೆರೆಯಾಚೆಗಿನ ಫೌಲ್ ಜಾಗ ಸುಮಾರು 3,000 ಚದರ ಅಡಿ ಕಡಿಮೆಯಾಯಿತು, ಅಷ್ಟು ಮಟ್ಟಿಗೆ ಜನ ಆಟದ ಹತ್ತಿರ ಬಂದರು. ಹಿಡಿಯಬಹುದಾಗಿದ್ದ ಫೌಲ್ ಕ್ಯಾಚ್‌ಗಳು ಈಗ ಪ್ರೇಕ್ಷಕರ ಮಡಿಲಿಗೆ ಬೀಳುತ್ತವೆ, ಪಿಚರ್‌ಗಳಿಗೆ ಅದು ನಷ್ಟವೇ.

ಕೆಲಸದ ಕ್ರಮ ಹೀಗೆ: ಮೊದಲು ಕುರ್ಚಿ ಬಿಚ್ಚುವುದು, ಆಮೇಲೆ ವೈರಿನಲ್ಲಿ ವಿದ್ಯುತ್ತು, ಪೈಪಿನಲ್ಲಿ ನೀರು ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವನ್ನು ಕತ್ತರಿಸುವುದು, ಆಮೇಲೆ ಕಾಂಕ್ರೀಟ್. ಉಳಿಯಬೇಕಾದ ಭಾಗದ ಗೆರೆಯಲ್ಲಿ ವಜ್ರದ ಗರಗಸದಿಂದ ಕೊಯ್ದು, ಅದರಾಚೆಗೆ ಮಾತ್ರ ಬ್ರೇಕರ್ ಬಿಡಬೇಕು. ಕೊಯ್ಯದೆ ಒಡೆದರೆ ನಡುಕ ಪಕ್ಕದ ಕಂಬಕ್ಕೆ ಹೋಗಿ ಬಿರುಕು ಬಿಡುತ್ತದೆ. ಮುಚ್ಚಿದ ಚಾವಣಿಯ ಕೆಳಗೆ ಇದೆಲ್ಲ ನಡೆಯುವುದರಿಂದ ಎರಡು ತೊಡಕು. ಡೀಸೆಲ್ ಯಂತ್ರಗಳ ಹೊಗೆ ಮತ್ತು ಕಾಂಕ್ರೀಟಿನ ಸಿಲಿಕಾ ದೂಳು ಹೊರಹೋಗಲು ದಾರಿ ಮಾಡಬೇಕು, ನೀರು ಸಿಂಪಡಿಸುತ್ತಲೇ ಇರಬೇಕು. ಚಾವಣಿ ಮೇಲಿಂದ ಕ್ರೇನ್ ಇಳಿಸುವಂತಿಲ್ಲ, ಪ್ರತಿಯೊಂದು ತೊಲೆಯೂ ಮೈದಾನದ ಮಟ್ಟದ ಬಾಗಿಲಿನಿಂದಲೇ ಬರಬೇಕು. ಆ ಬಾಗಿಲಿನ ಅಳತೆಯೇ ತೊಲೆಯ ಉದ್ದವನ್ನು ನಿರ್ಧರಿಸುತ್ತದೆ. ಲಾಭವೂ ಒಂದಿದೆ. ಹೊರಗೆ ಮೈನಸ್ 15 ಇರುವಾಗ ಒಳಗೆ ಕಾಂಕ್ರೀಟ್ ಹಾಕಿ, 10 ಡಿಗ್ರಿಗಿಂತ ಕೆಳಗಿಳಿಯದಂತೆ ಕಾಪಾಡಿ ಕ್ಯೂರಿಂಗ್ ಮಾಡಬಹುದು. ಬಯಲು ಸ್ಟೇಡಿಯಂನಲ್ಲಿ ಟೊರೊಂಟೊ ಚಳಿಗಾಲದ ಆರು ತಿಂಗಳಲ್ಲಿ ಇಷ್ಟು ಕೆಲಸ ಆಗುತ್ತಿರಲಿಲ್ಲ.

ಕುರ್ಚಿ ಕೂರಿಸುವುದು ಕೊನೆಯ ಕೆಲಸ, ಹಾಳಾಗುವುದೂ ಅಲ್ಲೇ. ಆಂಕರ್ ಬೋಲ್ಟಿಗೆ ತೂತು ಕೊರೆಯುವ ಮೊದಲು ಒಳಗಿನ ಕಬ್ಬಿಣ ಎಲ್ಲಿದೆ ಎಂದು ಸ್ಕ್ಯಾನರ್ ಆಡಿಸಿ ನೋಡಬೇಕು. ಡ್ರಿಲ್ ಕಬ್ಬಿಣಕ್ಕೆ ತಾಗಿತೆಂದು ತೂತನ್ನು ಎರಡು ಇಂಚು ಅಂಚಿನ ಕಡೆಗೆ ಸರಿಸಿದರೆ ಮೆಟ್ಟಿಲಿನ ಮೂಲೆ ಒಂದೆರಡು ವರ್ಷದಲ್ಲಿ ಕಿತ್ತುಬರುತ್ತದೆ. ತೂತಿನ ದೂಳನ್ನು ಬ್ರಷ್ ಹಾಕಿ ಊದಿ ತೆಗೆಯದೆ ಅಂಟು ತುಂಬಿದರೆ ಬೋಲ್ಟು ಹಿಡಿಯುವುದಿಲ್ಲ. ಹೋಮ್ ರನ್ ಹೊಡೆದಾಗ ಇಡೀ ಸಾಲು ಒಟ್ಟಿಗೆ ಜಿಗಿದು ಒಟ್ಟಿಗೆ ಕೂರುತ್ತದೆ, ಎಳೆತ ಬೀಳುವುದು ಹಿಂದಿನ ಬೋಲ್ಟಿಗೆ. ಮೆಟ್ಟಿಲುಗಳ ಸಂದಿಗೆ ಹಾಕುವ ಸೀಲಂಟ್ ಇನ್ನೂ ಸೂಕ್ಷ್ಮ. ಈ ಬಟ್ಟಲಿನ ಕೆಳಗೆ ಆಟಗಾರರ ಹೊಸ ಕೋಣೆಗಳು, ವ್ಯಾಯಾಮಶಾಲೆ, ದುಬಾರಿ ಟಿಕೆಟಿನವರ ಕ್ಲಬ್‌ಗಳು ಇವೆ. ಪಂದ್ಯ ಮುಗಿದ ಮೇಲೆ ಪೈಪು ಹಿಡಿದು ತೊಳೆಯುವ ನೀರು, ಚೆಲ್ಲಿದ ಬಿಯರ್ ಎಲ್ಲ ಸಂದಿ ಹುಡುಕುತ್ತವೆ. ಕುರ್ಚಿ ಕೂರಿಸುವ ಮೊದಲೇ ನೀರು ನಿಲ್ಲಿಸಿ ಒಂದು ದಿನ ಕಾದು ಕೆಳಗಿನ ಸೂರು ಒಣಗಿದೆಯೇ ನೋಡುವುದು ಇದಕ್ಕೇ. ಆಮೇಲೆ ಸೋರಿದರೆ ಸೋರಿಕೆಯ ಮೂಲ ಹುಡುಕಲು ಇಪ್ಪತ್ತು ಕುರ್ಚಿ ಬಿಚ್ಚಬೇಕು.

ಮೂಲೆಯ ಸೀಟಿನಲ್ಲಿ ಕೂತು ಬೆನ್ನನ್ನು ಕುರ್ಚಿಗೆ ಒರಗಿಸಿ ನೋಡಿ. ಬ್ಯಾಟರ್ ಮೂಗಿನ ನೇರಕ್ಕಿದ್ದಾನೆ, ಪಿಚರ್ ತುಸು ಪಕ್ಕಕ್ಕೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತವರಿನಲ್ಲಿ 81 ಪಂದ್ಯ ನೋಡುವ ಸೀಸನ್ ಟಿಕೆಟಿನವರಿಗೆ ಇದು ಬಾರ್, ಲಾಂಜ್, ದೀಪಾಲಂಕಾರ ಎಲ್ಲಕ್ಕಿಂತ ದೊಡ್ಡದು. ಆದರೆ ಪತ್ರಿಕೆಗಳ ಫೋಟೋದಲ್ಲಿ ಇದು ಕಾಣುವುದಿಲ್ಲ. ಫೋಟೋದಲ್ಲಿ ಕಾಣುವುದು ಬಾರ್.

ಭಾನುವಾರ: 500ರ ಅಂತಸ್ತು

ಭಾನುವಾರ 1:37ಕ್ಕೆ ಆಟ. ಚಾವಣಿ ತೆರೆದಿದ್ದರೆ ಸೀಟು ಆರಿಸುವಾಗ ಬಿಸಿಲಿನ ಲೆಕ್ಕ ಹಾಕಿ. ಮೂರನೇ ಬೇಸ್ ಕಡೆ ನೆರಳು ಬೇಗ ಬರುತ್ತದೆ, ಬಲ ಔಟ್‌ಫೀಲ್ಡ್‌ನವರ ಮುಖಕ್ಕೆ ಸಂಜೆವರೆಗೂ ಬಿಸಿಲು. ಬ್ಲೂ ಜೇಸ್ ಆಟಗಾರರು ಕೂರುವುದೂ ಮೂರನೇ ಬೇಸ್ ಕಡೆಯೇ.

500ಕ್ಕೆ ಏರುವ ಇಳಿಜಾರು ದಾರಿಗಳಲ್ಲಿ 1989ರ ಕಟ್ಟಡ ಇನ್ನೂ ಹಾಗೇ ಇದೆ: ಬೂದು ಕಾಂಕ್ರೀಟ್, ತಗ್ಗು ಸೂರು, ಪಂದ್ಯ ಮುಗಿದಾಗ ಹೆಜ್ಜೆ ಹೆಜ್ಜೆಗೂ ನಿಲ್ಲುವ ಜನ. 100 ಮತ್ತು 500ರ ನಡುವೆ 200ರ ಕ್ಲಬ್ ಅಂತಸ್ತು, ಅದರ ಮೇಲೆ 300, 400 ಎಂದು ಎರಡು ಸಾಲು ಖಾಸಗಿ ಬಾಕ್ಸ್‌ಗಳು. 1989ರಲ್ಲಿ ಕಂಪನಿಗಳಿಗೆ ಬಾಕ್ಸ್ ಮಾರಿ ಹಣ ಎತ್ತುವ ಆಸೆಗೆ ಸಾಮಾನ್ಯ ಪ್ರೇಕ್ಷಕ ಎರಡು ಮಹಡಿ ಮೇಲೆ ಹೋದ. ಅದನ್ನು ಯಾವ ನವೀಕರಣವೂ ಸರಿಮಾಡಲಾರದು. ಆ ಅಂತಸ್ತುಗಳು ಚಾವಣಿಯ ಭಾರ ಹೊರುವ ಚೌಕಟ್ಟಿನೊಳಗೇ ಹೆಣೆದುಕೊಂಡಿವೆ.

ಸರಿಮಾಡಬಹುದಾದದ್ದನ್ನು ಮಾಡಿದ್ದಾರೆ. 500ರ ಹಳೆ ಪ್ಲಾಸ್ಟಿಕ್ ಕುರ್ಚಿಗಳನ್ನು 1989ರ ನಂತರ ಮೊದಲ ಬಾರಿಗೆ ಬದಲಿಸಿದರು, ಹೊಸವು ತುಸು ಅಗಲ, ಲೋಟ ಇಡಲು ಜಾಗವಿದೆ. ಎಡ ಮೂಲೆಯಲ್ಲಿ ಕುರ್ಚಿಗಳನ್ನು ತೆಗೆದು ‘ಪಾರ್ಕ್ ಸೋಷಿಯಲ್’ ಎಂಬ ಆಟದಂಗಳ ಮಾಡಿದ್ದಾರೆ, ಚಿಕ್ಕ ಮಕ್ಕಳಿದ್ದವರು ನಾಲ್ಕನೇ ಇನಿಂಗ್ಸ್‌ಗೆ ಇಲ್ಲಿಗೆ ಬಂದು ಸೇರುತ್ತಾರೆ. ಬಲ ಮೂಲೆಯಲ್ಲಿ ಅದಕ್ಕೆ ಜೋಡಿಯಾಗಿ ಒಂದು ತಾರಸಿ ಬಾರ್. ಔಟ್‌ಫೀಲ್ಡ್ ಟಿಕೆಟ್ 2023ರಲ್ಲಿ 20 ಡಾಲರಿನಿಂದ ಶುರುವಾಗಿತ್ತು. ಅದಕ್ಕೆ ನಿಗದಿತ ಕುರ್ಚಿ ಇಲ್ಲ, ನಿಲ್ಲುವ ಹಕ್ಕು ಅಷ್ಟೇ. ಇಪ್ಪತ್ತರ ಹರೆಯದವರು ಒಂದೇ ಕುರ್ಚಿಯಲ್ಲಿ ಮೂರು ಗಂಟೆ ಕೂರುವುದಿಲ್ಲ, ಅಡ್ಡಾಡುತ್ತಾರೆ ಎಂಬ ಊಹೆ ನಿಜವಾಗಿದೆ. ಆದರೆ ಒಂದು ಎಡವಟ್ಟಿದೆ. ನಿಲ್ಲುವ ಕಟಕಟೆ ಓಡಾಡುವ ದಾರಿಯ ಅಂಚಿನಲ್ಲೇ ಇರುವುದರಿಂದ ತುಂಬಿದ ದಿನ ಮೂರು ಸಾಲು ಜನ ನಿಂತು ದಾರಿಯನ್ನೇ ಕಟ್ಟಿಬಿಡುತ್ತಾರೆ. ಶೌಚಾಲಯಕ್ಕೆ ಹೋಗುವವರು ಬಿಯರ್ ಸಾಲನ್ನು ಸೀಳಿಕೊಂಡೇ ಹೋಗಬೇಕು. ಮೊದಲ ಇನಿಂಗ್ಸ್ ಶುರುವಾದ ಮೇಲೆ, ಇಲ್ಲವೇ ಬ್ಲೂ ಜೇಸ್ ಬ್ಯಾಟಿಂಗ್ ಮಾಡುವಾಗ ಎದ್ದರೆ ದಾರಿ ಸಲೀಸು.

2022ರಲ್ಲಿ 49,282 ಇದ್ದ ಆಸನ ಸಾಮರ್ಥ್ಯ 2024ರಲ್ಲಿ 39,150ಕ್ಕೆ ಇಳಿದಿದೆ. ಹತ್ತು ಸಾವಿರ ಕುರ್ಚಿ ಕಡಿಮೆ. 1991ರಲ್ಲಿ ಇದೇ ಗುಮ್ಮಟ ಒಂದು ಸೀಸನ್‌ಗೆ 40 ಲಕ್ಷ ಪ್ರೇಕ್ಷಕರನ್ನು ಕಂಡ ಮೊದಲ ಬೇಸ್‌ಬಾಲ್ ಮೈದಾನವಾಗಿತ್ತು. ಹೊಸ ಲೆಕ್ಕದಲ್ಲಿ ಪ್ರತಿ ಪಂದ್ಯದ ಕುರ್ಚಿಯೆಲ್ಲ ಭರ್ತಿಯಾದರೂ 81 ಪಂದ್ಯಕ್ಕೆ 32 ಲಕ್ಷ ದಾಟುವುದಿಲ್ಲ. ಉಳಿದದ್ದು ನಿಂತು ನೋಡುವವರಿಂದ ಬರಬೇಕು. ಅಗ್ಗದ ಕುರ್ಚಿಗಳೇ ಹೆಚ್ಚು ಹೋಗಿರುವುದರಿಂದ, ನಾಲ್ಕು ಜನರ ಕುಟುಂಬಕ್ಕೆ ಕೂತು ನೋಡುವ ಟಿಕೆಟ್ ಮೊದಲಿಗಿಂತ ಕಷ್ಟ. ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಬರುವವರು ಔಟ್‌ಫೀಲ್ಡ್ ಟಿಕೆಟ್ ಅಗ್ಗವೆಂದು ತೆಗೆದುಕೊಳ್ಳಬೇಡಿ. ಹೋಮ್ ಪ್ಲೇಟ್ ಹಿಂದಿನ 500ರ ಮುಂದಿನ ಸಾಲುಗಳು ಒಳ್ಳೆಯವು, ಲಿಫ್ಟ್ ಎಲ್ಲಿದೆ ಎಂದು ಬಾಗಿಲಲ್ಲೇ ಕೇಳಿಕೊಳ್ಳಿ. ಅಲ್ಲಿನ ಮೆಟ್ಟಿಲು ತುಂಬ ಕಡಿದು, ಒಮ್ಮೆ ಕೂತರೆ ಏಳುವ ಮನಸ್ಸಾಗದು.

ಔಟ್‌ಫೀಲ್ಡ್ ಹಿಂದೆ ಹೋಟೆಲ್ಲಿನ ಕಿಟಕಿಗಳು ಕಾಣುತ್ತವೆ. 348 ಕೋಣೆಗಳಲ್ಲಿ 70 ಮೈದಾನಕ್ಕೇ ತೆರೆದುಕೊಳ್ಳುತ್ತವೆ. ಕೋಣೆ ಹಿಡಿದವರಿಗೆ ಆಟ ಉಚಿತ, ಆದರೆ ಪರದೆ ಎಳೆಯುವ ನೆನಪಿರಲಿ. ಮರೆತವರ ಕಥೆ ಸ್ಕೈಡೋಮ್ ಶುರುವಾದ ವರ್ಷಗಳಿಂದಲೂ ಊರಿಗೆಲ್ಲ ಗೊತ್ತು.

ಸೋಮವಾರ: ಮಾಂಟ್ರಿಯಲ್

ಯೂನಿಯನ್ ಸ್ಟೇಷನ್‌ನಿಂದ ವಿಯಾ ರೈಲು ಐದು ಗಂಟೆಯ ಆಸುಪಾಸಿನಲ್ಲಿ ಮಾಂಟ್ರಿಯಲ್ ತಲುಪುತ್ತದೆ. ಮೆಟ್ರೋದ ಹಸಿರು ಮಾರ್ಗದಲ್ಲಿ ಪೂರ್ವಕ್ಕೆ ಹೋದರೆ ಒಲಿಂಪಿಕ್ ಸ್ಟೇಡಿಯಂ. 1976ರ ಒಲಿಂಪಿಕ್ಸ್‌ಗೆ ರೋಜೆ ತಾಯಿಬೆರ್ ವಿನ್ಯಾಸ ಮಾಡಿದ್ದು, 1977ರಿಂದ 2004ರವರೆಗೆ ಎಕ್ಸ್‌ಪೋಸ್ ಬೇಸ್‌ಬಾಲ್ ತಂಡದ ಮನೆ. 165 ಮೀಟರ್ ಎತ್ತರದ ಗೋಪುರ 45 ಡಿಗ್ರಿ ವಾಲಿ ಮೈದಾನದ ಮೇಲೆ ಚಾಚಿದೆ. ನೋಡಲು ಟೊರೊಂಟೊದ್ದಕ್ಕಿಂತ ಎಷ್ಟೋ ಚೆಂದ. ಚಾವಣಿ ಬದಲಿಸುವ ಕಾಮಗಾರಿ ನಡೆಯುತ್ತಿರುವುದರಿಂದ ಒಳಗೆ ಬಿಡುವುದಿಲ್ಲ, ಬೇಲಿಯಾಚೆಯಿಂದ ನೋಡಬೇಕು.

ಇಲ್ಲಿ ಎಡವಿದ್ದು ಚಾವಣಿಯಲ್ಲಿ. ಗೋಪುರವೇ ಪೂರ್ತಿಯಾದದ್ದು ಒಲಿಂಪಿಕ್ಸ್ ಮುಗಿದು ಹತ್ತು ವರ್ಷದ ಮೇಲೆ. 1987ರಲ್ಲಿ ಕೂರಿಸಿದ ಕೆವ್ಲಾರ್ ಬಟ್ಟೆಯ ಚಾವಣಿಯನ್ನು 26 ಕೇಬಲ್‌ಗಳಿಂದ ಗೋಪುರದ ಕಡೆಗೆ ಎಳೆದು ಮಡಚುವ ಏರ್ಪಾಡಿತ್ತು. ಗಾಳಿ ಗಂಟೆಗೆ 40 ಕಿ.ಮೀ. ಮೀರಿದರೆ ಅಲುಗಿಸುವಂತಿರಲಿಲ್ಲ, ಬಟ್ಟೆ ಹರಿಯುತ್ತಲೇ ಹೋಯಿತು. 1991ರ ಸೆಪ್ಟೆಂಬರ್‌ನಲ್ಲಿ 55 ಟನ್ನಿನ ಕಾಂಕ್ರೀಟ್ ತೊಲೆಯೊಂದು ಬಿದ್ದು, ಎಕ್ಸ್‌ಪೋಸ್ ತವರಿನ ಕೊನೆಯ ಪಂದ್ಯಗಳನ್ನು ಹೊರ ಊರಲ್ಲಿ ಆಡಬೇಕಾಯಿತು. 1998ರಲ್ಲಿ ಹಾಕಿದ ಎರಡನೇ ಚಾವಣಿ ತೆರೆಯುವಂಥದ್ದೇ ಅಲ್ಲ. ಮುಂದಿನ ಜನವರಿಯಲ್ಲೇ ಹಿಮದ ಭಾರಕ್ಕೆ ಅದರ ಒಂದು ಭಾಗ ಕುಸಿಯಿತು. ಆಮೇಲೆ 3 ಸೆಂ.ಮೀ.ಗಿಂತ ಹೆಚ್ಚು ಹಿಮ ಬೀಳುವ ಮುನ್ಸೂಚನೆ ಇದ್ದರೆ ಒಳಗೆ ಕಾರ್ಯಕ್ರಮವೇ ಇಲ್ಲ ಎಂಬ ನಿಯಮ ಬಂತು. ಹರಿದ ಜಾಗಗಳ ಎಣಿಕೆ 20,000 ದಾಟಿತ್ತು. ಕಂಬಗಳಿಲ್ಲದೆ ಇಷ್ಟು ದೊಡ್ಡ ಬಟ್ಟೆಯನ್ನು ಎಳೆದು ಹಿಡಿದರೆ ಹಿಮ ಜಾರಿ ಹೋಗದೆ ತಗ್ಗಿನಲ್ಲಿ ನಿಲ್ಲುತ್ತದೆ. ನಿಂತ ಹಿಮ ಬಟ್ಟೆಯನ್ನು ಇನ್ನೂ ತಗ್ಗಿಸುತ್ತದೆ, ತಗ್ಗಿದಷ್ಟೂ ಹಿಮ ಕೂಡುತ್ತದೆ. ಟೊರೊಂಟೊದ ಉಕ್ಕಿನ ಹಾಳೆಗೆ ಈ ಕಾಯಿಲೆ ಇಲ್ಲ.

2024ರ ಫೆಬ್ರುವರಿಯಲ್ಲಿ ಕ್ವಿಬೆಕ್ ಸರ್ಕಾರ ಹೊಸ ಚಾವಣಿ ಮತ್ತು ಅದನ್ನು ಹೊರುವ ಉಂಗುರಕ್ಕೆ 87 ಕೋಟಿ ಡಾಲರ್ ಘೋಷಿಸಿತು. ಟೊರೊಂಟೊದ ಇಡೀ ನವೀಕರಣದ ಎರಡು ಪಟ್ಟಿಗೂ ಮಿಕ್ಕಿ, ಒಂದೇ ಒಂದು ಕುರ್ಚಿ ತಿರುಗದೆ. ಊರಿನವರಿಗೆ ಬೇಸ್‌ಬಾಲ್ ಆಸೆ ಬತ್ತಿಲ್ಲ ಎನ್ನುವುದಕ್ಕೆ 2014ರ ಮಾರ್ಚ್ ಸಾಕ್ಷಿ. ಬ್ಲೂ ಜೇಸ್ ಇಲ್ಲಿ ಆಡಿದ ಎರಡು ಪ್ರದರ್ಶನ ಪಂದ್ಯಗಳಿಗೆ 96,000ಕ್ಕೂ ಹೆಚ್ಚು ಜನ ಬಂದಿದ್ದರು.

ಬೇಲಿಯ ಸುತ್ತ ಒಂದು ಗಂಟೆ ಸಾಕು. ಪಕ್ಕದಲ್ಲೇ ಒಲಿಂಪಿಕ್ಸ್‌ನ ಸೈಕಲ್ ಪಂದ್ಯಗಳಿಗೆ ಕಟ್ಟಿದ್ದ ವೆಲೊಡ್ರೋಮ್ ಇದೆ. 1992ರಲ್ಲಿ ಅದನ್ನು ಬಯೋಡೋಮ್ ಆಗಿ ಮಾರ್ಪಡಿಸಿದರು. ಹಿಂದೆ ಸೈಕಲ್ ಓಡುತ್ತಿದ್ದ ಜಾಗದಲ್ಲಿ ಈಗ ಉಷ್ಣವಲಯದ ಕಾಡು, ಪೆಂಗ್ವಿನ್‌ಗಳು. ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಂಡು, ವಿಯೊ ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ.